ನಾಲ್ಕು ಹನಿ ಸಾಲದು

ಯುನ್ನಾನಿನ ಬೆಟ್ಟದಲ್ಲಿ ಮೂರು ವರ್ಷ
ಕಾಫಿ ಹೀರಿ ಉಗುಳುತ್ತಿದ್ದೆ.
ಅದೇ ಕೆಲಸ, ಅದಕ್ಕೇ ಸಂಬಳ.
ಪೂವಿ ಅಲ್ಲಿ ಮಾತು ಕಲಿತಳು,
ಬಿದ್ದಪ್ಪನಿಗೆ ಅಲ್ಲಿ ಹಲ್ಲು ಬಂತು.
ಗೋಣಿಕೊಪ್ಪಕ್ಕೆ ಮರಳುವಾಗ ಪೆಟ್ಟಿಗೆಯಲ್ಲಿ
ಹನ್ನೊಂದು ಚಿತ್ರದ ಪುಸ್ತಕ, ಒಂದು ಥರ್ಮಾಸು,
ಮಕ್ಕಳ ಬಾಯಲ್ಲಿ ಇಡೀ ಒಂದು ಚೀನೀ.

ಕಸ್ಟಮ್ಸಿನವನು ಥರ್ಮಾಸು ತೆರೆದು ನೋಡಿದ.
ಭಾಷೆಯನ್ನು ಯಾರೂ ತಡೆಯಲಿಲ್ಲ.
ಆರು ತಿಂಗಳಲ್ಲಿ ಅದು ತಾನೇ ಸೋರತೊಡಗಿತು.
"ಚಮಚಕ್ಕೆ ಅಲ್ಲಿ ಏನಂತಾರೆ ಅವ್ವಾ?"
ಎಂದಳು, ಆ ಭಾಷೆಯಲ್ಲೇ
ಅನ್ನ ಕೇಳಿ ಬೆಳೆದವಳು.

ಹೆದರಿ ನಾನು ಟೀಚರಾದೆ.
ಚೌಕದ ನೋಟುಬುಕ್ಕು, ಒಂದೊಂದಕ್ಷರ ಇಪ್ಪತ್ತು ಸಲ.
ಬಾಗಿಲಿಗೆ ಚೀಟಿ, ಕನ್ನಡಿಗೆ ಚೀಟಿ,
ಗೋಡೆಯ ಕೋವಿಗೂ ಒಂದು ಚೀಟಿ.
ಊಟಕ್ಕೆ ಬಂದ ಭಾವ ಸುತ್ತ ನೋಡಿ
ಮೆಲ್ಲಗೆ ಕೇಳಿದರು: "ಏನಿದು, ಜಪ್ತಿಯಾ?"

ಮೂರನೆಯ ವಾರ ನೋಟುಬುಕ್ಕು ಕಾಣೆ.
ಒಳ್ಳೆಮೆಣಸಿನ ಚೀಲದ ತಳದಲ್ಲಿ ಸಿಕ್ಕಿತು, ಘಾಟು ಹೊಡೆಯುತ್ತಾ.
ಯಾರು ಬಚ್ಚಿಟ್ಟಿರೆಂದು ಕೇಳಲಿಲ್ಲ.
ಅಲ್ಲೇ ಬಿಟ್ಟು
ಚೀಲದ ಬಾಯಿ ಕಟ್ಟಿದೆ.

ಆ ರಾತ್ರಿ ಕಂಬಳಿಯೊಳಗೆ ಮೂವರು, ಒಂದು ಟಾರ್ಚು.
ಬರೀ ಓದಿದೆ. ಪ್ರಶ್ನೆ ಇಲ್ಲ, ಉತ್ತರ ಇಲ್ಲ.
ಮುದುಕಿಯೊಬ್ಬಳು ಹಬೆಯಲ್ಲಿ ಬಾವ್‌ಜ಼ ಬೇಯಿಸುವ ಕತೆ.
ಚಿತ್ರ ಕಂಡದ್ದೇ ಬಿದ್ದಪ್ಪ ಕೂಗಿದ: "ಕಡಂಬುಟ್ಟು!"
ಹಾಗಾದರೆ ಪಂದಿಕರಿ ಎಲ್ಲಿ ಎಂದು ಪೂವಿಗೆ ಸಿಟ್ಟು,
ಆ ಸಿಟ್ಟಿನಲ್ಲಿ ಚೀನೀ ವಾಕ್ಯವೊಂದು
ಇಡಿಯಾಗಿ ಹೊರಗೆ ಬಂತು,
ಕಳೆದುಹೋದ ಹಸು ಸಂಜೆಗೆ
ತಾನಾಗೇ ಗೇಟು ತಳ್ಳಿದ ಹಾಗೆ.

ಆಮೇಲೆ ದಿನಾ. ಅದೇ ಮುದುಕಿ, ನಲವತ್ತು ರಾತ್ರಿ.
ಪುಸ್ತಕದ ಬೆನ್ನು ಹರಿಯಿತು, ಗಂಜಿ ಹಚ್ಚಿದೆವು,
ಗಂಜಿಗೆ ಜಿರಲೆ ಬಂದು
ಮುದುಕಿಯ ಎಡಗಿವಿ ತಿಂದಿತು.
ಕಿವಿ ಇಲ್ಲದಿದ್ದರೂ ಅವಳು
ನಮ್ಮ ಮೂವರ ಮಾತು ಕೇಳುತ್ತಾಳೆ.

"ಮೈ" ಎಂಬ ಮಾತು
ಇಳಿದು ಮತ್ತೆ ಏರಿದರೆ ಕೊಳ್ಳುವುದು,
ಸೀದಾ ಬಿದ್ದರೆ ಮಾರುವುದು.
ಮಂಡಿಯ ಲೆಕ್ಕ ಬರೆಯುತ್ತಿದ್ದ ಅವರಪ್ಪ ತಲೆಯೆತ್ತಿದರು:
"ನಮ್ಮ ಕಾಫಿ ರೇಟಿನ ಕತೆ
ಅವರಿಗೆ ಹೇಗೆ ಗೊತ್ತಾಯಿತು?"
ಬೀಳುವ ಸ್ವರವೆಲ್ಲ ತನ್ನದೇ ಅಂದ ಬಿದ್ದಪ್ಪ,
ಹೆಸರು ತೋರಿಸಿ.

ಮಳೆಯ ಅಕ್ಷರ ಒಂದು ಕಿಟಕಿ,
ಒಳಗೆ ನಾಲ್ಕು ಹನಿ.
ಕಕ್ಕಡ ತಿಂಗಳು. ಪೂವಿ ಹೊರಗೆ ನೋಡಿದಳು,
ಪುಟ ನೋಡಿದಳು. "ನಾಲ್ಕು ಸಾಲದು."
ಐದು ಇಟ್ಟಳು, ಒಂಬತ್ತು ಇಟ್ಟಳು,
ಕಿಟಕಿ ಪೂರ್ತಿ ಕಪ್ಪಾಯಿತು.
ತಪ್ಪು ಎನ್ನಬೇಕಿತ್ತು ನಾನು.
ನಾಲಗೆಯ ಮೇಲೆ ಹಿಡಿದು, ಅಳೆದು, ಉಗುಳುವುದು ನನ್ನ ಕಸುಬು.
ಮಕ್ಕಳು ನುಂಗುತ್ತಾರೆ.

ಈಗ ಅವಳು ಏನು ಸಿಕ್ಕಿದರೂ ಓದುತ್ತಾಳೆ,
ಗೊಬ್ಬರದ ಚೀಲ, ಬಸ್ಸಿನ ಬೋರ್ಡು,
ಬೋಂಡ ಕಟ್ಟಿದ ಕಾಗದದಲ್ಲಿ
ಎಣ್ಣೆಗೆ ಪಾರದರ್ಶಕವಾದ ಕನ್ನಡ.
ಕನ್ನಡದ ಅಂಗಿ ತೊಟ್ಟೇ
ಕಾಗದಕ್ಕೆ ಬರುವ ನಮ್ಮ ತಕ್ಕ್‌ನಲ್ಲಿ
ಅಜ್ಜಿಗೊಂದು ಚೀಟಿ ಬರೆದಿದ್ದಾಳೆ.
"ಚೀನೀ ಕಲಿತು ಏನು ಉಪಯೋಗ?" ಎನ್ನುತ್ತಾರೆ ಸಂಬಂಧಿಕರು.
ಅಂಕಪಟ್ಟಿಯಲ್ಲಿ ಅದಕ್ಕೆ ಖಾನೆ ಇಲ್ಲ.
ಸದ್ಯ.

ನಿನ್ನೆ ರಾತ್ರಿ ಒಂದಕ್ಷರ ನನಗೆ ಬರಲಿಲ್ಲ,
ಗೊತ್ತಾಗದ ಹಾಗೆ ಹಾರಿ ಹೋದೆ.
ಪೂವಿಯ ಬೆರಳು ಅಲ್ಲೇ ನಿಂತಿತು.
"ಅವ್ವಾ, ಒಂದು ಬಿಟ್ಟೆ."
"ನಂಗೆ ಗೊತ್ತಿಲ್ಲ," ಎಂದೆ.
ಇಬ್ಬರಿಗೂ ಎಂಥ ಖುಷಿ!
ಮೂರು ತಲೆ ಒಂದೇ ಬೆಳಕಿಗೆ ಬಾಗಿದವು.
ಎಡಕ್ಕೆ ಮೂರು ಹನಿ ನೀರು, ಬಲಕ್ಕೆ ಬಾಗಿಲು,
ಬಾಗಿಲೊಳಗೆ ಸೂರ್ಯ.
"ನೀರು ಬಾಗಿಲವರೆಗೆ ಬಂದಿದೆ," ಎಂದಳು.
"ಸೂರ್ಯ ಹೆದರಿ ಒಳಗೆ ಕೂತಿದ್ದಾನೆ," ಎಂದ.
ನಿಘಂಟು ಆಚೆ ಕೋಣೆಯಲ್ಲಿತ್ತು.
ಯಾರೂ ಏಳಲಿಲ್ಲ.